ಗಸಗಸೆ ಹೂ ಅರಳದ ನಾಡಿನಲ್ಲಿ

ಪುತ್ತೂರು, ಸುಳ್ಯ, ಕಡಬ ಎಂದೊಡನೆ ಬಯಲುಸೀಮೆಯ ನಮ್ಮ ಬಾಂಧವರಿಗೆ ನೆನಪಾಗುವುದು ಕುಕ್ಕೆ ಸುಬ್ರಹ್ಮಣ್ಯ, ಕುಮಾರಧಾರೆಯ ಸ್ನಾನಘಟ್ಟ, ಪುತ್ತೂರಿನ ಮಹಾಲಿಂಗೇಶ್ವರ ದೇವಾಲಯ. ದರ್ಶನ ಮುಗಿಸಿ ರಾತ್ರಿಯ ಬಸ್ಸಿಗೆ ಮರಳುವವರೇ ಹೆಚ್ಚು. ಆ ನಾಡಿನ ಮಣ್ಣು, ಮಳೆ, ತೋಟ, ಅಂಗಳಗಳನ್ನು ನೋಡಲೆಂದು ನಿಲ್ಲುವವರು ವಿರಳ. ಕಳೆದ ಜನವರಿಯಲ್ಲಿ ನಾವು ಐದು ದಿನಗಳ ಕಾಲ ಈ ಮೂರು ತಾಲೂಕುಗಳಲ್ಲಿ ಸಂಚರಿಸಿ, ಸಂಪಾಜೆ ಘಾಟಿಯನ್ನೇರಿ ಮಡಿಕೇರಿಯವರೆಗೆ ಹೋಗಿಬಂದೆವು. ಈ ಸಂಚಾರದಲ್ಲಿ ನಮಗೆ ಎದುರಾದ ಒಂದು ಹೂವಿನ ವಿಚಾರವನ್ನು ಓದುಗರ ಮುಂದಿಡುತ್ತೇವೆ. ಮನೆಯಂಗಳದಲ್ಲಿ ಹೂ ಬೆಳೆಸುವ ಎಲ್ಲ ತಾಯಂದಿರೂ ತಿಳಿದಿರಬೇಕಾದ ಸಂಗತಿಯಿದು.

ಶಿರಾಡಿ ಘಾಟಿಯನ್ನಿಳಿದು ಉಪ್ಪಿನಂಗಡಿಗೆ ಬಂದರೆ ಅಲ್ಲಿ ಕುಮಾರಧಾರೆಯು ನೇತ್ರಾವತಿಯನ್ನು ಕೂಡುತ್ತದೆ. ಅಲ್ಲಿಂದ ಪುತ್ತೂರು ಹತ್ತಿರ. ಹಿಂದೆ ಪುತ್ತೂರು ಮತ್ತು ಸುಳ್ಯ ತಾಲೂಕುಗಳಿಗೆ ಸೇರಿದ್ದ ಗ್ರಾಮಗಳನ್ನು ಕೂಡಿಸಿ ಈಚೆಗೆ ಕಡಬ ತಾಲೂಕನ್ನು ರಚಿಸಲಾಗಿದೆ. ಸುಬ್ರಹ್ಮಣ್ಯವು ಈಗ ಆ ತಾಲೂಕಿನಲ್ಲಿದೆ. ಈ ಮೂರೂ ತಾಲೂಕುಗಳ ಮೈಕಟ್ಟು ಒಂದೇ ಬಗೆಯದು. ಮೇಲೆ ಮುರಕಲ್ಲಿನ ಗುಡ್ಡೆ, ಕೆಳಗೆ ಬೈಲು, ಬೈಲಿನಲ್ಲಿ ಅಡಿಕೆಯ ತೋಟ. ನಾವು ಹೋದಾಗ ಮನೆಮನೆಯ ಅಂಗಳದಲ್ಲಿಯೂ ಅಡಿಕೆಯನ್ನು ಒಣಗಲು ಹರವಿದ್ದರು. ಕಾಲಿಡಲು ಸ್ಥಳವಿಲ್ಲದಂತೆ ಹರಡಿದ್ದ ಆ ಹೊಂಬಣ್ಣದ ಅಂಗಳಗಳ ಅಂಚಿನಲ್ಲಿ ಮಾತ್ರ ದಾಸವಾಳ, ನಂದಿಬಟ್ಟಲು, ಅಬ್ಬಲಿಗೆಯ ಗಿಡಗಳಿದ್ದವು.

ಕಡಬದ ಸಮೀಪದ ಒಂದು ಮನೆಯಲ್ಲಿ ನಾವು ಒಂದು ರಾತ್ರಿ ತಂಗಿದ್ದೆವು. ಆ ಮನೆಯ ಹಿರಿಯ ತಾಯಿಗೆ ಹೂಗಿಡಗಳೆಂದರೆ ಬಹಳ ಅಕ್ಕರೆ. ಮಗ ಇಂಗ್ಲೆಂಡಿನಲ್ಲಿ ನೌಕರಿಯಲ್ಲಿದ್ದಾನೆ. ಒಮ್ಮೆ ಆಕೆ ಅಲ್ಲಿಗೆ ಹೋದಾಗ ಬೇಲಿಯಂಚಿನಲ್ಲಿ, ಗೋದಿಯ ಹೊಲಗಳಲ್ಲಿ ಅರಳಿದ್ದ ಕೆಂಪು ಪಾಪಿ ಹೂಗಳನ್ನು ಕಂಡು ಮನಸೋತರಂತೆ. ಮಗ ಮುಂದಿನ ಸಲ ಊರಿಗೆ ಬರುವಾಗ ಬೀಜದ ಪೊಟ್ಟಣಗಳನ್ನು ತಂದುಕೊಟ್ಟ. "ಮೊದಲ ವರ್ಷ ಮಳೆ ಹಿಡಿದ ಕೂಡಲೇ ಹಾಕಿದೆ, ಎಲ್ಲ ಕೊಳೆತು ಹೋಯಿತು. ಮರುವರ್ಷ ದಶಂಬರದಲ್ಲಿ ಹಾಕಿದೆ. ಸಸಿ ಬಂತು, ಉದ್ದಕ್ಕೆ ನೀಳವಾಯಿತು, ಮಾರ್ಚ್ ಬರುವಾಗ ಬಾಡಿತು. ಬೀಜ ಉಂಟು, ಮಣ್ಣು ಉಂಟು, ನೀರು ಉಂಟು, ಗಿಡ ಮಾತ್ರ ನಿಲ್ಲುವುದಿಲ್ಲ ಮಾರಾಯ್ರೆ" ಎಂದು ಆ ತಾಯಿ ನೊಂದು ನುಡಿದರು. ಮಗನಿರುವ ನಾಡಿನ ಹೂವೊಂದು ತನ್ನ ಅಂಗಳದಲ್ಲಿಯೂ ಇರಲೆಂಬ ಆಸೆ ಅದು. ಅದನ್ನು ಬರಿಯ ಹವ್ಯಾಸವೆನ್ನಲಾಗದು.

ಹೂ ಏಕೆ ನಿಲ್ಲಲಿಲ್ಲ? ಪಾಪಿ ತಂಪು ನಾಡಿನ ಗಿಡ. ಅದರ ಬೀಜ ಚೆನ್ನಾಗಿ ಮೊಳೆಯುವುದು 15ರಿಂದ 18 ಡಿಗ್ರಿ ಉಷ್ಣತೆಯಲ್ಲಿ. ಎಳೆಯ ಸಸಿಗೆ ತಣ್ಣನೆಯ ರಾತ್ರಿ, ಒಣ ಗಾಳಿ, ನೀರು ಬಸಿದುಹೋಗುವ ಸಡಿಲ ಮಣ್ಣು ಬೇಕು. ಪುತ್ತೂರು, ಸುಳ್ಯಗಳು ಸಮುದ್ರಮಟ್ಟದಿಂದ 100 ಮೀಟರಿನ ಆಸುಪಾಸಿನಲ್ಲಿವೆ. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ. ಚಳಿಗಾಲದಲ್ಲಿಯೂ ಹಗಲಿನ ಉಷ್ಣತೆ 30 ಡಿಗ್ರಿಯನ್ನು ದಾಟುತ್ತದೆ. ಮಳೆಗಾಲದಲ್ಲಿ ಅಡಿಕೆಯ ಗೊನೆಗೇ ಕೊಳೆರೋಗ ತಗಲುವ ಸೀಮೆಯಿದು. ಅದನ್ನು ತಡೆಯಲು ತೋಟದವರು ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮರಮರಕ್ಕೂ ಸಿಂಪಡಿಸುತ್ತಾರೆ. ಗಟ್ಟಿ ಸಿಪ್ಪೆಯ ಅಡಿಕೆಯೇ ಕೊಳೆಯುವಲ್ಲಿ ಕೂದಲೆಳೆಯಂತಹ ಪಾಪಿಯ ಸಸಿ ಉಳಿಯುವುದೆಂತು? ನಾವು ಹೀಗೆ ವಿವರಿಸಿದಾಗ ಆ ಮನೆಯ ಯಜಮಾನರು, "ಆಟಿಯ ಮಳೆಗೆ ನಮ್ಮ ಅಡಿಕೆಯೇ ತಡೆಯುವುದಿಲ್ಲ, ಅದು ಪಾಪ ಪರದೇಶದ ಹೂ" ಎಂದು ನಕ್ಕರು.

ಆದರೆ ಪರದೇಶದ್ದೆಂಬ ಕಾರಣಕ್ಕೆ ಈ ಮಣ್ಣು ಅದನ್ನು ತಳ್ಳಿತೆಂದು ತಿಳಿಯಲಾಗದು. ಇಲ್ಲಿಯ ಗುಡ್ಡೆಗಳ ಗೇರುಮರ ಪೋರ್ಚುಗೀಸರೊಂದಿಗೆ ಬ್ರೆಜಿಲ್ ಕಡೆಯಿಂದ ಬಂದುದು. ಅದರ ಸಂಶೋಧನೆಗಾಗಿಯೇ 1986ರಲ್ಲಿ ಪುತ್ತೂರಿನಲ್ಲಿ ರಾಷ್ಟ್ರೀಯ ಕೇಂದ್ರವೊಂದು ಸ್ಥಾಪನೆಯಾಯಿತು. ಸುಳ್ಯದ ರಬ್ಬರ್ ಮರದ ತವರು ಅಮೆಜಾನಿನ ಕಾಡು. ಅಡಿಕೆಯ ನೆರಳಿನಲ್ಲಿ ಬೆಳೆಯುವ ಕೊಕ್ಕೋ ಕೂಡ ದಕ್ಷಿಣ ಅಮೆರಿಕೆಯದೇ. ಅದನ್ನು ಬಳಸುವ ಕ್ಯಾಂಪ್ಕೊ ಸಂಸ್ಥೆಯ ಚಾಕಲೇಟ್ ಕಾರ್ಖಾನೆ ಪುತ್ತೂರಿನಲ್ಲಿ 1986ರಿಂದ ಇದೆ. ಇವೆಲ್ಲವೂ ಬಿಸಿಲು ಮಳೆಗಳ ನಾಡಿನಿಂದ ಬಂದವು, ಆದುದರಿಂದ ಇಲ್ಲಿ ಬೇರುಬಿಟ್ಟವು. ಗಿಡಕ್ಕೆ ದೇಶದ ಗಡಿ ತಿಳಿಯದು, ಹವೆ ತಿಳಿಯುತ್ತದೆ.

ಅಂದು ರಾತ್ರಿ ಊಟವಾದ ಬಳಿಕ ಆ ತಾಯಿ ಉಳಿದ ಪೊಟ್ಟಣಗಳನ್ನು ತಂದು ತೋರಿಸಿದರು. ಒಂದರ ಮೇಲೆ ಪಪಾವರ್ ರೋಯಸ್ ಎಂದಿತ್ತು. ಅದು ಹೊಲದ ಕೆಂಪು ಪಾಪಿ, ನಿರಪಾಯವಾದ ಅಲಂಕಾರದ ಹೂ. ಇನ್ನೂ ಒಡೆಯದ ಎರಡನೆಯ ಪೊಟ್ಟಣದ ಮೇಲೆ ಹಲವು ಸುತ್ತಿನ ಎಸಳುಗಳ ಸೊಗಸಾದ ಚಿತ್ರವಿತ್ತು; ಕೆಳಗೆ ಸಣ್ಣ ಅಕ್ಷರಗಳಲ್ಲಿ ಪಪಾವರ್ ಸೋಮ್ನಿಫೆರಮ್ ಎಂದಿತ್ತು. ಇದು ಅಫೀಮಿನ ಗಿಡ. ನಾವು ಪಾಯಸಕ್ಕೆ ಬಳಸುವ ಗಸಗಸೆ ಇದೇ ಗಿಡದ ಬೀಜ. ಬ್ರಿಟನ್ನಿನಲ್ಲಿ ಇದನ್ನು ಅಂದಕ್ಕಾಗಿ ಮನೆಯ ತೋಟದಲ್ಲಿ ಬೆಳೆಸಲು ಅಡ್ಡಿಯಿಲ್ಲ. ನಮ್ಮ ದೇಶದಲ್ಲಿ ಹಾಗಲ್ಲ. 1985ರ ಮಾದಕ ದ್ರವ್ಯಗಳ ಕಾಯಿದೆಯ ಮೇರೆಗೆ ಪರವಾನಗಿಯಿಲ್ಲದೆ ಇದನ್ನು ಬೆಳೆಸುವುದು ಅಪರಾಧ. 10 ವರ್ಷಗಳವರೆಗೆ ಕಠಿಣ ಸೆರೆವಾಸ, 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ ಸರಕಾರದ ಪರವಾನಗಿ ಪಡೆದ ರೈತರು ಇದನ್ನು ಬೆಳೆಯುತ್ತಾರೆ. ಅಂಗಳದ ಕುಂಡವೆಂದು ಕಾಯಿದೆಯಲ್ಲಿ ವಿನಾಯಿತಿಯಿಲ್ಲ. ವಿಷಯ ತಿಳಿದೊಡನೆ ಆ ತಾಯಿ ಎದ್ದು ಹೋಗಿ ಪೊಟ್ಟಣವನ್ನು ಬಚ್ಚಲೊಲೆಗೆ ಹಾಕಿಬಂದರು. "ಮಗನಿಗೆ ಗೊತ್ತಿರಲಿಕ್ಕಿಲ್ಲ" ಎಂದಷ್ಟೇ ಹೇಳಿದರು. ಪ್ರೀತಿಯಿಂದ ತಂದ ಕಾಣಿಕೆಯೊಂದು ಒಂದು ಮರ್ಯಾದಸ್ಥ ಕುಟುಂಬವನ್ನು ಪೊಲೀಸ್ ಠಾಣೆಯ ಮೆಟ್ಟಿಲಿಗೆ ಒಯ್ಯಬಹುದಾಗಿತ್ತಲ್ಲ ಎಂದು ನಮಗೆ ಆ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಈ ಸಂದರ್ಭದಲ್ಲಿ ಓದುಗರು ಗಮನಿಸತಕ್ಕ ಕೆಲವು ಸಂಗತಿಗಳುಂಟು. ಅಂಗಡಿಯಲ್ಲಿ ಗಸಗಸೆ ಕೊಂಡು ಅಡುಗೆಗೆ ಬಳಸುವುದು ತಪ್ಪಲ್ಲ. ಕಾಯಿದೆಯು ಬೀಜವನ್ನು ಹೊರತುಪಡಿಸಿದೆ. ಆದರೆ ಆ ಬೀಜವನ್ನು ಮಣ್ಣಿಗೆ ಹಾಕಬಾರದು. ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯ, ಸಿಂಗಾಪುರಗಳಲ್ಲಿ ಗಸಗಸೆಗೇ ನಿಷೇಧವಿದೆ. ಮಕ್ಕಳ ಮನೆಗೆಂದು ಅಲ್ಲಿಗೆ ಹೊರಟವರು ಬುತ್ತಿಯ ಗಂಟಿನಲ್ಲಿ ಅದನ್ನು ಒಯ್ಯಕೂಡದು. ಹೊರದೇಶದಿಂದ ಯಾವ ಹೂವಿನ ಬೀಜ ತರುವುದಕ್ಕೂ ಸಸ್ಯ ಸಂಪರ್ಕನಿಷೇಧದ 2003ರ ಆಜ್ಞೆಯ ಪ್ರಕಾರ ಅನುಮತಿ ಹಾಗೂ ಆರೋಗ್ಯಪತ್ರ ಅಗತ್ಯ. ಗಿಡಗಳನ್ನು ಗುರುತಿಸುವುದೂ ಕಷ್ಟವಲ್ಲ. ಅಫೀಮಿನ ಗಿಡದ ಎಲೆ ನೀಲಿ ಬೆರೆತ ಬೂದುಬಣ್ಣದ್ದು, ನುಣುಪಾಗಿದ್ದು ದಂಟನ್ನು ಅಪ್ಪಿಕೊಂಡಿರುತ್ತದೆ. ಹೊಲದ ಪಾಪಿಯ ಎಲೆ ಹಸಿರಾಗಿ, ಸೀಳುಸೀಳಾಗಿ, ರೋಮಗಳಿಂದ ಕೂಡಿರುತ್ತದೆ.

ಹೆಸರಿನ ಗೊಂದಲವೂ ಒಂದಿದೆ. ಊರೂರಿನ ಶಾಲೆಗಳ ಅಂಗಳದಲ್ಲಿ ಗಸಗಸೆ ಹಣ್ಣಿನ ಮರವನ್ನು ಕಾಣುತ್ತೇವೆ. ಮಕ್ಕಳು ಅದರ ಕೆಂಪು ಹಣ್ಣುಗಳನ್ನು ಆರಿಸಿ ತಿನ್ನುತ್ತಾರೆ. ಹಣ್ಣಿನೊಳಗಿನ ಬೀಜ ಗಸಗಸೆಯಂತೆ ಸಣ್ಣದಿರುವುದರಿಂದ ಆ ಹೆಸರು ಬಂದಿದೆಯೇ ಹೊರತು ಅಫೀಮಿಗೂ ಅದಕ್ಕೂ ಸಂಬಂಧವಿಲ್ಲ. ಅದಕ್ಕೆ ಯಾರೂ ಅಂಜಬೇಕಾಗಿಲ್ಲ. ಇದಕ್ಕೆ ವಿರುದ್ಧವಾಗಿ, ಬಯಲುಸೀಮೆಯ ಪಾಳುಭೂಮಿಯಲ್ಲಿ ಹಳದಿ ಹೂ ಬಿಡುವ ಮುಳ್ಳು ದತ್ತೂರಿಯು ನಿಜವಾಗಿಯೂ ಪಾಪಿಯ ಕುಲಕ್ಕೆ ಸೇರಿದೆ. ಮೆಕ್ಸಿಕೋ ಮೂಲದ ಈ ಗಿಡದ ಬೀಜ ಸಾಸಿವೆಯನ್ನು ಹೋಲುತ್ತದೆ. 1998ರಲ್ಲಿ ದೆಹಲಿಯಲ್ಲಿ ಇದರ ಎಣ್ಣೆ ಬೆರೆತ ಸಾಸಿವೆ ಎಣ್ಣೆಯನ್ನು ಬಳಸಿ ಅನೇಕರು ಮೈ ಬಾತು ಪ್ರಾಣ ಕಳೆದುಕೊಂಡರು.

ಮರುದಿನ ಸುಬ್ರಹ್ಮಣ್ಯದಿಂದ ಗುತ್ತಿಗಾರಿನ ಮಾರ್ಗವಾಗಿ ಸುಳ್ಯಕ್ಕೆ ಬಂದು, ಪಯಸ್ವಿನಿ ಹೊಳೆಯನ್ನು ನೋಡುತ್ತ ಸಂಪಾಜೆಯ ಕಡೆಗೆ ಸಾಗಿದೆವು. ಅರಂತೋಡು, ಸಂಪಾಜೆಗಳ ತೋಟಗಳಲ್ಲಿ ಹಳದಿ ಎಲೆ ರೋಗದಿಂದ ಅಡಿಕೆ ಮರಗಳು ಸೊರಗಿ ನಿಂತಿರುವುದನ್ನು ಕಂಡು ಮನಸ್ಸು ಭಾರವಾಯಿತು. ಘಾಟಿಯಲ್ಲಿ ಜೋಡುಪಾಲದ ಬಳಿ, 2018ರ ಆಗಸ್ಟ್ ತಿಂಗಳ ಮಳೆಗೆ ಗುಡ್ಡ ಜರಿದ ಸ್ಥಳವನ್ನು ಜೊತೆಗಿದ್ದವರು ತೋರಿಸಿದರು. ಸುಳ್ಯದಿಂದ ಮಡಿಕೇರಿಗೆ ಸುಮಾರು 50 ಕಿಲೋಮೀಟರು. ಅಷ್ಟರಲ್ಲಿ 1000 ಮೀಟರಿಗೂ ಹೆಚ್ಚು ಮೇಲೇರುತ್ತೇವೆ. ಮಡಿಕೇರಿಯಲ್ಲಿಯೂ ಮಳೆ ವಿಪರೀತವೇ. ಆದರೆ ಜನವರಿಯ ರಾತ್ರಿಗಳು ತಣ್ಣಗೆ, ಒಣಗಿರುತ್ತವೆ. ಅಲ್ಲಿಯ ಒಂದು ಮನೆಯ ಮುಂದೆ ಕೆಂಪು ಪಾಪಿ ಅರಳಿತ್ತು! ಕಾಗದದಂತಹ ನಾಲ್ಕೇ ಎಸಳುಗಳು, ಗಾಳಿಗೆ ನಡುಗುವ ತೆಳ್ಳನೆಯ ದಂಟು. ಕೆಳಗಿನ ಬೈಲಿನಲ್ಲಿ ಎರಡು ವರ್ಷ ಪಟ್ಟ ಶ್ರಮಕ್ಕೆ ಸಿಗದುದು ಎರಡು ಗಂಟೆಯ ದಾರಿಯ ಮೇಲೆ ಸಹಜವಾಗಿ ನಿಂತಿತ್ತು.

ಬೆಂಗಳೂರು, ಮೈಸೂರು, ಧಾರವಾಡಗಳಂತಹ ಎತ್ತರದ ಊರುಗಳಲ್ಲಿರುವವರು ಹೊಲದ ಪಾಪಿಯನ್ನು ಚಳಿಗಾಲದ ಹೂವಾಗಿ ಬೆಳೆಸಬಹುದು. ಬೀಜವನ್ನು ನಂಬಿಕೆಯ ಅಂಗಡಿಯಿಂದ, ಸಸ್ಯಶಾಸ್ತ್ರದ ಹೆಸರನ್ನು ಓದಿಯೇ ಕೊಳ್ಳಬೇಕು. ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆ ಅಥವಾ ನವೆಂಬರಿನಲ್ಲಿ, ಬಿಸಿಲು ಬೀಳುವ ಮಡಿಯಲ್ಲಿ ಬಿತ್ತಬೇಕು. ಬೀಜ ಬಹು ಸಣ್ಣದಾದ್ದರಿಂದ ಒಣ ಮರಳಿನೊಡನೆ ಬೆರೆಸಿ ಉದುರಿಸಿದರೆ ಸಮನಾಗಿ ಬೀಳುತ್ತದೆ. ಅದಕ್ಕೆ ಬೆಳಕು ಬೇಕು, ಮೇಲೆ ಮಣ್ಣು ಮುಚ್ಚಬಾರದು. ಬೇರು ನೇರವಾಗಿ ಆಳಕ್ಕಿಳಿಯುವುದರಿಂದ ಕಿತ್ತು ನೆಟ್ಟರೆ ಸಸಿ ಸಾಯುತ್ತದೆ. ಬಿತ್ತಿದಲ್ಲಿಯೇ ಬೆಳೆಯಲು ಬಿಟ್ಟು, ದಟ್ಟವಾದ ಕಡೆ ಗೇಣಿಗೊಂದರಂತೆ ಉಳಿಸಿ ಮಿಕ್ಕವನ್ನು ತೆಗೆಯಬೇಕು. ನೀರು ಹಿತಮಿತವಾಗಿರಲಿ.

ಕರಾವಳಿಯ ಸೋದರಿಯರಿಗೆ ನಮ್ಮ ಸಲಹೆ ಬೇರೆ. ಪುತ್ತೂರಿನ ಮುರಕಲ್ಲಿನ ಗುಡ್ಡೆಯ ಮೇಲೆ ಯಾರೂ ನೀರೆರೆಯದ ಕೇಪುಳದ ಪೊದೆ ಬಿಸಿಲಿನಲ್ಲಿ ಕೆಂಡದಂತೆ ಹೂಬಿಡುತ್ತದೆ. ಮಳೆಗಾಲ ಬಂತೆಂದರೆ ಬೇಲಿಯ ಮೇಲೆ ಗೌರಿಹೂ ಕೆಂಪು ಹಳದಿಯ ನಾಲಿಗೆ ಚಾಚುತ್ತದೆ. ಅದರ ಗಡ್ಡೆ ವಿಷವಾದುದರಿಂದ ಮಕ್ಕಳ ಬಗ್ಗೆ ಎಚ್ಚರವಿರಬೇಕು. ಪೂಜೆಯ ತಟ್ಟೆಗೆ ದಾಸವಾಳ, ನಂದಿಬಟ್ಟಲುಗಳು ವರ್ಷವಿಡೀ ಒದಗುತ್ತವೆ. ಈ ಹೂಗಳಿಗೆ ಯಾವ ಪರವಾನಗಿಯೂ ಬೇಡ, ಬೋರ್ಡೋ ದ್ರಾವಣವೂ ಬೇಡ.

ಮಡಿಕೇರಿಯಿಂದ ನಾವು ಕಡಬದ ಆ ತಾಯಿಗೆ ಫೋನು ಮಾಡಿ ಅಲ್ಲಿಯ ಹೂವಿನ ವಿಷಯ ತಿಳಿಸಿದೆವು. ಮುಂದಿನ ಸಲ ಮಗ ರಜೆಯಲ್ಲಿ ಬಂದಾಗ ಅವನೊಡನೆ ಘಾಟಿ ಹತ್ತಿ ನೋಡಿಬರುವುದಾಗಿ ಹೇಳಿದರು. ಅವನು ಮರಳುವಾಗ ಏನು ಕೊಟ್ಟು ಕಳಿಸುವಿರೆಂದು ಕೇಳಿದೆವು. "ಹಪ್ಪಳ, ಉಪ್ಪಿನಕಾಯಿ. ಬೀಜ ಮಾತ್ರ ಕೊಡುವುದಿಲ್ಲ" ಎಂದು ನಕ್ಕರು.