ಅಪ್ಪನ ಹಾಲಿನ ಲೆಕ್ಕಕ್ಕೊಂದು ಆ್ಯಪ್

ನನ್ನ ಲ್ಯಾಪ್‌ಟಾಪ್‌ನಲ್ಲಿರೋದು 4 ಜಿಬಿ ರ‍್ಯಾಮ್. ಆಂಡ್ರಾಯ್ಡ್ ಸ್ಟುಡಿಯೋ ತೆರೆದರೆ ಏದುಸಿರು ಬಿಡುತ್ತೆ. ಆದ್ರೆ ಅಪ್ಪನ ಹಾಲಿನ ಲೆಕ್ಕಕ್ಕೆ ಆ್ಯಪ್ ಬೇಕೇಬೇಕಿತ್ತು; ಚೀಟಿ ಕಳೆದ್ರೆ ಡೈರಿಯಲ್ಲಿ ಕೇಳೋಕೆ ಅವರಿಗೆ ಆಧಾರವೇ ಇರ್ತಿರಲಿಲ್ಲ.

ಕೈಹಿಡಿದಿದ್ದು ಅಪಾಚೆ ಕಾರ್ಡೋವಾ. ನಮಗೆ ಗೊತ್ತಿರೋ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟೇ ಸಾಕು. ವೆಬ್‌ವ್ಯೂ ಅಂದ್ರೆ ಆ್ಯಪ್ ಒಳಗಿರೋ, ಅಡ್ರೆಸ್ ಬಾರ್ ಇಲ್ಲದ ಬ್ರೌಸರ್. ನಮ್ಮ ಪುಟ ಅದರಲ್ಲಿ ಓಡುತ್ತೆ. ಕ್ಯಾಮೆರಾ ಬೇಕಂದ್ರೆ ಪ್ಲಗಿನ್ ಹಾಕ್ಬೇಕು. ಬರೆದು ಪರೀಕ್ಷಿಸಿದ್ದೆಲ್ಲ ಬ್ರೌಸರ್‌ನಲ್ಲೇ, ಎಪಿಕೆ ಮಾಡೋಕೆ ಮಾತ್ರ ಲ್ಯಾಬ್‌ಗೆ ಹೋದೆ. ಅದೇ ಕೋಡ್ ಐಫೋನ್‌ಗೂ ಆಗುತ್ತೆ, ಬಿಲ್ಡ್‌ಗೆ ಮ್ಯಾಕ್ ಬೇಕಷ್ಟೆ. ಭಾರೀ ಗ್ರಾಫಿಕ್ಸ್ ಗೇಮ್‌ಗೆ ಈ ದಾರಿ ಬೇಡ. ಲೆಕ್ಕದ ಪುಸ್ತಕಕ್ಕೆ ಧಾರಾಳ.

ಪುಟಗಳು ಫೋನ್‌ನಲ್ಲೇ ಇರೋದ್ರಿಂದ ನಮ್ಮೂರಲ್ಲಿ ನೆಟ್ ಹೋದ್ರೂ ಓಡುತ್ತೆ. ಈಗ ಅಪ್ಪ ಲೀಟರು, ಫ್ಯಾಟು ತಾವೇ ಒತ್ತಿ, ಬಟವಾಡೆ ದಿನ ತಾಳೆ ನೋಡ್ತಾರೆ.