ಇನ್‌ಲ್ಯಾಂಡ್ ಲೆಟರಿನಲ್ಲಿ ಸರೋದ್

ನಮ್ಮ ಮೇಷ್ಟ್ರ ಕಾಗದಗಳಲ್ಲಿ ‘ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮ’ದ ಒಕ್ಕಣೆ ಇರುತ್ತಿರಲಿಲ್ಲ. ಇನ್‌ಲ್ಯಾಂಡ್ ಲೆಟರ್ ಬಿಡಿಸಿದರೆ ಮೊದಲ ಸಾಲಿನಲ್ಲೇ ಆಲಾಪ ಶುರು. ಮೇಷ್ಟ್ರು ಎಂದರೆ ನನಗೆ ಹಿರಿಯನೇನಲ್ಲ, ಒಂದೇ ಹಾಸ್ಟೆಲಿನ ನೀರು ಸಾರು ಕುಡಿದು ಬೆಳೆದವನು. ಓದು ಮುಗಿದ ಮೇಲೆ ನಾನು ಶಿವಮೊಗ್ಗದಲ್ಲಿ ಬ್ಯಾಂಕು ಸೇರಿದೆ, ಅವನು ಮೈಸೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳಲು ಹೋದ. ಹಗಲು ಎಲಿಯಟ್, ಸಂಜೆ ಸಿತಾರ್. ಎರಡನ್ನೂ ಒಬ್ಬನೇ ಮನುಷ್ಯ ನಿಭಾಯಿಸಬಹುದು ಎನ್ನುವುದಕ್ಕೆ ಅವನ ಹತ್ತಿರ ಇದ್ದದ್ದು ಒಂದೇ ಸಾಕ್ಷಿ: ರಾಜೀವ ತಾರಾನಾಥ.

ಸಾಕ್ಷಿಯೇನೋ ಗಟ್ಟಿಯಾದದ್ದೇ. ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿ, ‘ಪ್ರೇಮ’ ಪತ್ರಿಕೆ ನಡೆಸಿ, ಊರೂರಿನ ರೋಗಿಗಳಿಗೆ ಮದ್ದು ಕೊಟ್ಟ ಪಂಡಿತ ತಾರಾನಾಥರ ಮಗ. 1932ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಅಪ್ಪನಿಂದಲೇ ಹಾಡುಗಾರಿಕೆಯ ಮೊದಲ ಪಾಠ. ಅಪ್ಪ ತೀರಿಕೊಂಡಾಗ ಹುಡುಗನಿಗೆ ಹತ್ತು ವರ್ಷ. ಮುಂದೆ ಬೆಂಗಳೂರಿನಲ್ಲಿ ಅಲಿ ಅಕ್ಬರ್ ಖಾನರ ಸರೋದ್ ಕಿವಿಗೆ ಬಿತ್ತು. ಹಾಡುಗಾರಿಕೆ ಹಿಂದಕ್ಕೆ ಸರಿಯಿತು. ಎಲಿಯಟ್ ಕಾವ್ಯದ ಮೇಲೆ ಡಾಕ್ಟರೇಟ್ ಮಾಡಿ ಇಂಗ್ಲಿಷ್ ವಿಭಾಗದ ಮುಖ್ಯಸ್ಥರಾಗಿದ್ದವರು ಅದನ್ನು ಬಿಟ್ಟು ಗುರುವನ್ನು ಹುಡುಕಿಕೊಂಡು ಕಲ್ಕತ್ತೆಗೆ ಹೋದರು. ಮೈಹರ್ ಘರಾಣೆಯ ಆ ಶಿಷ್ಯತ್ವ 2009ರ ಜೂನ್‌ನಲ್ಲಿ ಖಾನ್ ಸಾಹೇಬರು ಕಣ್ಣು ಮುಚ್ಚುವವರೆಗೂ ನಡೆಯಿತು. ಅಷ್ಟು ಹೊತ್ತಿಗೆ ಶಿಷ್ಯನಿಗೇ 76.

ಮೇಷ್ಟ್ರ ಕಾಗದಗಳಿಗೆ ಬರುತ್ತೇನೆ. ಕಛೇರಿ ಕೇಳಿ ಬಂದ ರಾತ್ರಿಯೇ ಬರೆಯುತ್ತಿದ್ದ, ನಿದ್ದೆ ಮಾಡಿ ಎದ್ದರೆ ಕಿವಿ ಸುಳ್ಳು ಹೇಳುತ್ತದೆ ಎಂದು ಅವನ ವಾದ. ಸ್ವರಲಿಪಿ ಅವನಿಗೆ ಒಗ್ಗುತ್ತಿರಲಿಲ್ಲ. ಸರೋದಿಗೆ ಸಿತಾರಿನ ಹಾಗೆ ಮೆಟ್ಟಿಲುಗಳಿಲ್ಲ. ಬಲಗೈಯಲ್ಲಿ ತೆಂಗಿನ ಕರಟದ ಜವಾ ಹಿಡಿದು ಮೀಟುತ್ತ, ಎಡಗೈಯ ಉಗುರನ್ನು ತಂತಿಗೆ ಒತ್ತಿ ನುಣುಪಾದ ಲೋಹದ ಪಟ್ಟಿಯ ಮೇಲೆ ಜಾರಿಸಬೇಕು. ಜಾರುವುದನ್ನು ಸರಿಗಮದಲ್ಲಿ ಬರೆಯುವುದು ಹೇಗೆ? ಅದಕ್ಕೇ ಗೆರೆ ಎಳೆಯುತ್ತಿದ್ದ. ದರ್ಬಾರಿ ಕಾನಡದ ಒಂದು ಆಲಾಪ ನನ್ನ ಹತ್ತಿರ ಈಗಲೂ ಇದೆ. ನೀಲಿ ಹಾಳೆಯ ಮಡಿಕೆ ದಾಟಿ ಪೆನ್ಸಿಲ್ ಗೆರೆಯೊಂದು ನಿಧಾನಕ್ಕೆ ಇಳಿಯುತ್ತದೆ, ಗಾಂಧಾರದ ಹತ್ತಿರ ಬಂದು ಸಣ್ಣಗೆ ತೂಗುತ್ತದೆ, ಅಲ್ಲೇ ಅಂಟು ಸವರುವ ಅಂಚು ಬಂದುಬಿಟ್ಟಿದೆ. ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ, ‘ಇಲ್ಲಿ ಇಡೀ ಹಾಲ್ ಉಸಿರು ಹಿಡಿದಿತ್ತು ಕಣೋ, ನನ್ನ ಪಕ್ಕದ ಯಜಮಾನರೊಬ್ಬರು ಮಾತ್ರ ಗೊರಕೆ.’

ಕಛೇರಿ ಇಲ್ಲದ ತಿಂಗಳಲ್ಲಿ ಸಿನಿಮಾ. ‘ಸಂಸ್ಕಾರ’ 1970ರಲ್ಲಿ ಬಂದಾಗ ಎಲ್ಲರೂ ಅನಂತಮೂರ್ತಿಯವರ ಕಥೆ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಕಾರ್ನಾಡರ ಪ್ರಾಣೇಶಾಚಾರ್ಯರನ್ನು ಹೊಗಳಿದರಂತೆ. ಸಂಗೀತ ಕೊಟ್ಟ ರಾಜೀವರ ಹೆಸರನ್ನು ಯಾರೂ ಎತ್ತಲಿಲ್ಲ ಎಂದು ಎಷ್ಟೋ ವರ್ಷ ಕಳೆದ ಮೇಲೂ ನನ್ನ ಮೇಲೆ ರೇಗಿದ್ದಾನೆ. ನಾನೇನು ಮಾಡಲಿ, ನಾನು ಬ್ಯಾಂಕಿನವನು.

ಆ ಕಾಗದ ಬಂದದ್ದು ಮಳೆಗಾಲದಲ್ಲಿ. ಸಹಿಯ ಮಸಿ ಹರಡಿಕೊಂಡಿತ್ತು. ‘ರಾಜೀನಾಮೆ ಬರೆದು ಡ್ರಾಯರಿನಲ್ಲಿ ಇಟ್ಟಿದ್ದೇನೆ. ಅವರು ಬಿಟ್ಟರಲ್ಲ, ನಾನೂ ಬಿಡುತ್ತೇನೆ. ನಿನ್ನ ಅಭಿಪ್ರಾಯ ಬರೆ.’ ನಾನು ಮರುಟಪಾಲಿನಲ್ಲೇ ಬರೆದೆ: ಮನೆ ಸಾಲ ಎಷ್ಟಿದೆ, ಪಿ.ಎಫ್. ಎಷ್ಟು ಬರುತ್ತದೆ, ತಂಗಿಯ ಮದುವೆ ಯಾವಾಗ. ಕೊನೆಗೆ, ‘ಅವರು ಬಿಟ್ಟದ್ದು ನಿಜ ಮಾರಾಯ. ಆದರೆ ಆಮೇಲೂ ಹೈದರಾಬಾದಿನಲ್ಲಿ ಇಂಗ್ಲಿಷ್ ಪಾಠ ಹೇಳಿದ್ದಾರಲ್ಲ. ಅವರಿಗೂ ಹೊಟ್ಟೆ ಇದೆ.’ ಅದಕ್ಕೆ ಉತ್ತರ ಬರಲಿಲ್ಲ. ದಸರಾ ಕಳೆದು, ದೀಪಾವಳಿಯೂ ಕಳೆದು, ಒಂದು ದಿನ ಏನೂ ಆಗಿಲ್ಲವೆಂಬಂತೆ ಚಂದ್ರನಂದನ್ ರಾಗದ ಮೇಲೆ ಒಂದು ಇನ್‌ಲ್ಯಾಂಡ್ ಪೂರ್ತಿ ಬಂತು. ಖಾನ್ ಸಾಹೇಬರು ಸೃಷ್ಟಿಸಿದ ರಾಗ, ಮಾಲಕೌಂಸ್, ಚಂದ್ರಕೌಂಸ್‌ಗಳ ನೆರಳು ಅದರಲ್ಲಿ ಎಲ್ಲೆಲ್ಲಿ ಬೀಳುತ್ತದೆ ಎಂಬ ವಿವರ. ಮೇಷ್ಟ್ರು ನಿವೃತ್ತಿಯವರೆಗೂ ಪಾಠ ಹೇಳಿದ. ನನ್ನ ಸಲಹೆ ಸರಿಯಾಗಿಯೇ ಇತ್ತು ಎಂದು ಈಗಲೂ ಹೇಳುತ್ತೇನೆ. ಅವನ ಸಿತಾರ್ ಕೇಳಿದ್ದರೆ ನೀವೂ ಹಾಗೇ ಹೇಳುತ್ತಿದ್ದಿರಿ.

ಆಮೇಲೆ ಫೋನು, ಅದರ ಹಿಂದೆ ಮೊಬೈಲು. ಮಾತಿನಲ್ಲಿ ಮೇಷ್ಟ್ರು ಸಪ್ಪೆ. ‘ಚೆನ್ನಾಗಿತ್ತು ಕಣೋ’ ಎಂದು ಮುಗಿಸಿಬಿಡುತ್ತಿದ್ದ. ರಾಜೀವರು 1995ರಿಂದ ಹತ್ತು ವರ್ಷ ಕ್ಯಾಲಿಫೋರ್ನಿಯಾದ ಕಲಾಸಂಸ್ಥೆಯೊಂದರಲ್ಲಿ ಭಾರತೀಯ ಸಂಗೀತ ಕಲಿಸಿದರಲ್ಲ, ಆಗ ಮಾತ್ರ ಮತ್ತೆ ಒಂದು ಕಾಗದ ಬಂತು. ಕೊನೆಗೂ ವಿಶ್ವವಿದ್ಯಾಲಯ ಅವರನ್ನು ಸರೋದಿನ ಸಮೇತ ಒಳಗೆ ಕರೆದುಕೊಂಡಿತು ಎಂಬ ಧಾಟಿ. ಅದರಲ್ಲಿ ಸಂತೋಷಕ್ಕಿಂತ ಹೊಟ್ಟೆಕಿಚ್ಚು ಹೆಚ್ಚಾಗಿ ಕಂಡಿತ್ತು ನನಗೆ.

ಮೇಷ್ಟ್ರು ಹೋದ ಮೇಲೆ ಅವನ ಹೆಂಡತಿ ಬಟ್ಟೆ ಚೀಲವೊಂದನ್ನು ಕೊಟ್ಟರು. ‘ನೋಡಿ, ನಿಮ್ಮ ಕಾಗದಗಳೆಲ್ಲ ಇಟ್ಟಿದ್ರು. ರದ್ದಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ.’ ಹಾಗಾಗಿ ಈಗ ಎರಡೂ ಕಡೆಯ ಕಾಗದ ನನ್ನ ಹತ್ತಿರವೇ ಇವೆ. ತಾರೀಖಿನ ಪ್ರಕಾರ ಜೋಡಿಸಿ ಓದಿದರೆ ನಗು ಬರುತ್ತದೆ. ಅವನು ಜೋಡ್, ಝಾಲಾ ಎನ್ನುತ್ತಾನೆ. ನಾನು ಅಡಿಕೆ ರೇಟು, ತುಂಗೆಯ ನೆರೆ, ಮಗನ ಗಣಿತದ ಮಾರ್ಕು. ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೂ ನನ್ನ ಒಂದು ಕಾಗದದ ಹಿಂಬದಿಯಲ್ಲಿ, ವಿಳಾಸದ ಕೆಳಗೆ, ಅವನ ಪೆನ್ಸಿಲಿನಲ್ಲಿ ಗೆರೆಯೊಂದಿದೆ, ಯಾವ ರಾಗವೋ.

2024ರ ಜೂನ್ 11ರಂದು ರಾಜೀವರು ಮೈಸೂರಿನಲ್ಲಿ ತೀರಿಕೊಂಡರು. 91 ವರ್ಷ, ಪದ್ಮಶ್ರೀ, ನೂರಾರು ಕಛೇರಿ. ಮೊಬೈಲಿನ ಗುಂಪುಗಳಲ್ಲಿ ಅವತ್ತೆಲ್ಲ ಓಂ ಶಾಂತಿ. ನನಗೆ ಬೇಕಾಗಿದ್ದದ್ದು ಅದಲ್ಲ, ಜಗಳ. ಇಂಗ್ಲಿಷ್ ಪಾಠವೂ ಅವರ ಸರೋದಿನೊಳಗೆ ಹೊಕ್ಕಿದೆ ಎನ್ನುವುದು ಮೇಷ್ಟ್ರ ಹಳೆಯ ಪಟ್ಟು. ಬರೀ ಬೊಗಳೆ, ಕೋಮಲ್ ಗಾಂಧಾರಕ್ಕೆ ಎಲಿಯಟ್ ಯಾರೆಂದು ಗೊತ್ತೇ ಎಂದು ನಾನು. ಅವತ್ತು ರಾತ್ರಿ ಅವರ ರೆಕಾರ್ಡಿಂಗ್ ಒಂದನ್ನು ಹಾಕಿ ಕೂತೆ. ಒಂದು ಪುಟ್ಟ ಸ್ವರಗುಚ್ಛವನ್ನು ಮೀಟುತ್ತಾರೆ, ಮುಂದೆ ಹೋಗದೆ ಅದನ್ನೇ ಇನ್ನೊಂದು ಬದಿಯಿಂದ ನೋಡುತ್ತಾರೆ, ಹಿಂದಿನ ಬೆಂಚಿನವನಿಗೆ ಅರ್ಥವಾಗಿಲ್ಲವೆಂದು ಮತ್ತೊಮ್ಮೆ ಬಿಡಿಸುತ್ತಾರೆ. ತರಗತಿಯಲ್ಲಿ ಪದ್ಯ ಓದಿಸಿ ರೂಢಿಯಾದವರ ಚಾಳಿಯೇ ಅದು, ಸಂಶಯವಿಲ್ಲ. ನಾನು ಹೀಗೆ ಒಪ್ಪಿಕೊಂಡೆ ಎಂದು ತಿಳಿದಿದ್ದರೆ ಮೇಷ್ಟ್ರು ಎರಡು ಇನ್‌ಲ್ಯಾಂಡ್ ತುಂಬ ಮೆರೆಯುತ್ತಿದ್ದ, ಅಂಟು ಸವರುವ ಅಂಚನ್ನೂ ಬಿಡುತ್ತಿರಲಿಲ್ಲ.