ಬಿಳಿ ಗೂಡಿನ ಜಪಾನ್ ನಂಟು

ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ಹಳದಿ ಗೂಡಿನ ಪಕ್ಕ ಬಿಳಿ ಗೂಡು ಕಂಡರೆ, ಅದಕ್ಕೊಂದು ಜಪಾನ್ ನಂಟಿದೆ. ಬಿಳಿ ಗೂಡು ಕಟ್ಟುವುದು ದ್ವಿತಳಿ ಹುಳು; ನಮ್ಮ ಹವೆಗೆ ಒಗ್ಗುವಂಥ ಆ ಹುಳು ಬೆಳೆಸಲು 1991ರಿಂದ ಜಪಾನಿನ ತಜ್ಞರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ದುಡಿದರು.

ಜಪಾನಿನವರ ರೇಷ್ಮೆಯ ಗತ್ತೆಲ್ಲ ಅವರ ಸಾಂಪ್ರದಾಯಿಕ ಉಡುಗೆ ಕಿಮೋನೊದಲ್ಲಿ. ಮದುವೆಯಾಗದ ಹುಡುಗಿಗೆ ಉದ್ದಕ್ಕೆ ಇಳಿಬಿದ್ದ ತೋಳಿನ ಫುರಿಸೊದೆ. ಮದುವೆಯಾದವಳಿಗೆ ಗಿಡ್ಡ ತೋಳಿನ ತೊಮೆಸೊದೆ. ಮದುವೆ ಮನೆಯಲ್ಲಿ ಬೀಗಿತ್ತಿಯರು ಉಡುವ ಕಪ್ಪು ತೊಮೆಸೊದೆ ನೋಡಬೇಕು: ಚಿತ್ತಾರ ಸೊಂಟದ ಕೆಳಗೆ ಮಾತ್ರ, ಮೇಲೆ ಐದು ಕಡೆ ಮನೆತನದ ಮುದ್ರೆ. ಸಾವಿನ ಮನೆಗೆ ಚಿತ್ತಾರವೇ ಇಲ್ಲದ ಕಪ್ಪು ಮೊಫುಕು. ಬೇಸಿಗೆ ಜಾತ್ರೆಗೆ ಹತ್ತಿಯ ಯುಕಾತ, ಅದಕ್ಕೆ ಯಾವ ಬಿಗುಮಾನವೂ ಇಲ್ಲ. ಯಾವುದೇ ಇರಲಿ, ಎಡ ಅಂಚು ಬಲದ ಮೇಲೆ ಬರಲೇಬೇಕು. ತಿರುವುಮುರುವು ಸುತ್ತುವುದು ಹೆಣಕ್ಕೆ ಮಾತ್ರ! (ನಮ್ಮಲ್ಲಿ ಧಾರೆ ಸೀರೆಗಿರುವ ಶಾಸ್ತ್ರವೇನೂ ಕಡಿಮೆಯಿಲ್ಲ ಬಿಡಿ.)

ಇತ್ತ ಶಿಡ್ಲಘಟ್ಟದ ರೀಲರ್‌ಗಳು ಗೂಡಿನಿಂದ ಬಿಚ್ಚುವ ನೂಲು ಹೋಗುವುದು ಸೀರೆ ಮಗ್ಗಗಳಿಗೆ. ಎಳೆ ಗಟ್ಟಿಯಾಗಿ ಒಂದೇ ಸಮ ಬರುವುದರಿಂದ ಬಿಳಿ ಗೂಡಿನ ನೂಲು ಹಾಸಿನ ಎಳೆಗೆ ಚೆನ್ನ. ಮುಂದಿನ ಸಲ ರೇಷ್ಮೆ ಸೀರೆ ಕೊಳ್ಳುವಾಗ ನೂಲು ಯಾವ ಊರಿನದೆಂದು ಅಂಗಡಿಯವರನ್ನು ಒಮ್ಮೆ ಕೇಳಿ ನೋಡಿ.